ಗೋಲ್ ಹೊಡೆದರೂ ಗೋಲ್ ಅಲ್ಲ: ಫ್ಲಿಕ್ ಆಟದ ಲೆಕ್ಕ ಮತ್ತು ಬಾರ್ಸಿಲೋನಾದ ಹುಡುಗರು

2024ರ ಅಕ್ಟೋಬರ್ 26. ಸ್ಪೇನ್‌ನಲ್ಲಿ ಶನಿವಾರ ರಾತ್ರಿ. ನಮ್ಮಲ್ಲಿ ಆಗಲೇ ತಾರೀಖು ಬದಲಾಗಿ ಹನ್ನೆರಡೂವರೆ ದಾಟಿತ್ತು. ಮ್ಯಾಡ್ರಿಡ್‌ನ ಬರ್ನಾಬ್ಯೂ ಮೈದಾನದಲ್ಲಿ ಆಟ ಶುರುವಾಗಿ ಅರ್ಧ ಗಂಟೆ ಆಗಿತ್ತು. ರಿಯಲ್ ಮ್ಯಾಡ್ರಿಡ್‌ನ ಕಿಲಿಯನ್ ಎಂಬಾಪೆ ಬಾರ್ಸಿಲೋನಾದ ಡಿಫೆಂಡರ್‌ಗಳನ್ನು ಹಿಂದೆ ಹಾಕಿ ಓಡಿದರು. ಎದುರಿಗೆ ಬಂದ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡನ್ನು ಮೆತ್ತಗೆ ಎತ್ತಿ ಗೋಲಿಗೆ ಹಾಕಿದರು. ಇಡೀ ಮೈದಾನ ಎದ್ದು ಕುಣಿಯಿತು. ಸ್ವಲ್ಪ ಹೊತ್ತಿಗೆ ಗೋಲ್ ಇಲ್ಲ ಎಂದು ತೀರ್ಪು ಬಂತು. ಆಫ್‌ಸೈಡ್.

ನಾನು ಆ ಪಂದ್ಯ ನೋಡಿದ್ದು ಅಕ್ಕನ ಮನೆಯಲ್ಲಿ. ಭಾವ ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವರಲ್ಲ. "ಇದೇನೋ, ಚೆಂಡು ಒಳಗೆ ಹೋಯ್ತಲ್ಲ? ಮತ್ತ್ಯಾಕೆ ಇಲ್ಲ ಅಂತಾರೆ?" ಎಂದು ಮಗನನ್ನು ಕೇಳಿದರು. ಬಾರ್ಸಿಲೋನಾದ ಆಟಗಾರ ಯಮಾಲ್ ಹೆಸರಿನ ಜೆರ್ಸಿ ಹಾಕಿಕೊಂಡು ಕೂತಿದ್ದ ಹುಡುಗ ವಿವರಿಸಲು ಹೊರಟ. ಅಷ್ಟರಲ್ಲಿ ಇನ್ನೊಂದು ಆಫ್‌ಸೈಡ್ ಆಯಿತು. ಆಮೇಲೆ ಮತ್ತೊಂದು.

ಪಂದ್ಯ ಮುಗಿಯುವ ಹೊತ್ತಿಗೆ ರಿಯಲ್ ಮ್ಯಾಡ್ರಿಡ್ 12 ಸಲ ಆಫ್‌ಸೈಡ್‌ಗೆ ಸಿಕ್ಕಿಬಿದ್ದಿತ್ತು. ಅದರಲ್ಲಿ ಎಂಬಾಪೆ ಒಬ್ಬರದೇ 8. ಬಾರ್ಸಿಲೋನಾ 4-0ಯಿಂದ ಗೆದ್ದಿತ್ತು. ಒಂದೆರಡು ಸಲವಾದರೆ ಅವಸರ ಅನ್ನಬಹುದು. 12 ಸಲ ಆದರೆ ಅದರ ಹಿಂದೆ ಯಾರದ್ದೋ ಲೆಕ್ಕ ಇರಲೇಬೇಕು, ಅಲ್ವಾ? ಆ ಲೆಕ್ಕ ಹಾಕಿದವರು ಬಾರ್ಸಿಲೋನಾದ ಕೋಚ್ ಹಾನ್ಸಿ ಫ್ಲಿಕ್. ಅದನ್ನು ಮೈದಾನದಲ್ಲಿ ಮಾಡಿ ತೋರಿಸಿದವರಲ್ಲಿ ಹಲವರಿಗೆ ಆಗಿನ್ನೂ ಹದಿನೇಳು, ಇಪ್ಪತ್ತೊಂದು ವಯಸ್ಸು. ಭಾವನಿಗೆ ಅವತ್ತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು, ಆಫ್‌ಸೈಡ್ ಅಂದರೆ ಏನು

ಫುಟ್‌ಬಾಲ್‌ನಲ್ಲಿ ಎದುರಾಳಿ ಗೋಲಿನ ಹತ್ತಿರ ಸುಮ್ನೆ ನಿಂತುಕೊಂಡು, ಚೆಂಡು ಬರಲಿ ಹೊಡೆಯೋಣ ಅಂತ ಕಾಯುವ ಹಾಗಿಲ್ಲ. ಹಾಗೆ ಬಿಟ್ಟರೆ ಆಟ ಕೆಡುತ್ತದೆ. ಅದಕ್ಕೇ ಈ ನಿಯಮ.

ನಮ್ಮ ತಂಡದವನೊಬ್ಬ ನಮಗೆ ಚೆಂಡು ಒದೆಯುತ್ತಾನೆ ಅಂದುಕೊಳ್ಳಿ. ಅವನ ಕಾಲು ಚೆಂಡಿಗೆ ತಾಗಿದ ಆ ಕ್ಷಣಕ್ಕೆ ನಾವು ಎಲ್ಲಿದ್ದೇವೆ ಅನ್ನುವುದೇ ಮುಖ್ಯ. ನಮ್ಮ ಮತ್ತು ಎದುರಾಳಿ ಗೋಲ್ ಗೆರೆಯ ನಡುವೆ ಎದುರಾಳಿಗಳು ಇಬ್ಬರಾದರೂ ಇರಬೇಕು. ಸಾಮಾನ್ಯವಾಗಿ ಒಬ್ಬ ಗೋಲ್‌ಕೀಪರ್, ಇನ್ನೊಬ್ಬ ಕೊನೆಯ ಡಿಫೆಂಡರ್. ಆ ಡಿಫೆಂಡರ್‌ಗೆ ಸಮವಾಗಿ ನಿಂತಿದ್ದರೂ ತಪ್ಪಿಲ್ಲ. ಅವನನ್ನೂ ಚೆಂಡನ್ನೂ ದಾಟಿ ಮುಂದಿದ್ದು, ಆಮೇಲೆ ಆ ಚೆಂಡನ್ನು ಆಡಿದರೆ ಆಫ್‌ಸೈಡ್. ಕೈ ಲೆಕ್ಕಕ್ಕಿಲ್ಲ. ತಲೆ, ಮೈ, ಕಾಲು ಮಾತ್ರ. ನಮ್ಮದೇ ಅರ್ಧದಲ್ಲಿ ಇದ್ದರೆ ಈ ನಿಯಮವೇ ಅನ್ವಯಿಸುವುದಿಲ್ಲ. ಥ್ರೋ, ಕಾರ್ನರ್, ಗೋಲ್ ಕಿಕ್‌ಗಳಿಂದ ನೇರವಾಗಿ ಬಂದ ಚೆಂಡಿಗೂ ಇಲ್ಲ.

ಅಂದರೆ ಮೈದಾನದಲ್ಲಿ ಕಣ್ಣಿಗೆ ಕಾಣದ ಗೆರೆಯೊಂದು ಯಾವಾಗಲೂ ಇರುತ್ತದೆ. ಅದು ಸುಣ್ಣದಲ್ಲಿ ಎಳೆದ ಗೆರೆಯಲ್ಲ. ಕೊನೆಯ ಡಿಫೆಂಡರ್ ಎಲ್ಲಿ ನಿಂತಿದ್ದಾನೋ ಅಲ್ಲಿ ಗೆರೆ. ಅವನು ಒಂದು ಹೆಜ್ಜೆ ಮುಂದಿಟ್ಟರೆ ಗೆರೆಯೂ ಅವನ ಜೊತೆ ಬರುತ್ತದೆ. ಫ್ಲಿಕ್ ಅವರ ಆಟ ನಿಂತಿರುವುದು ಈ ಒಂದು ಹೆಜ್ಜೆಯ ಮೇಲೆ.

ಗೆರೆಯನ್ನು ಮುಂದಕ್ಕೆ ತಂದರೆ

ದೊಡ್ಡ ಮೈದಾನಗಳು ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತವೆ. ಹೆಚ್ಚಿನ ತಂಡಗಳು ತೊಂದರೆ ಬಂದಾಗ ತಮ್ಮ ಗೋಲಿನ ಕಡೆಗೆ ಹಿಂದೆ ಸರಿಯುತ್ತವೆ. ಮನೆಗೆ ಕಳ್ಳ ಬಂದರೆ ನಾವು ಬಾಗಿಲ ಹತ್ತಿರವೇ ನಿಲ್ಲುವ ಹಾಗೆ. ಫ್ಲಿಕ್ ತಂಡ ತದ್ವಿರುದ್ಧ. ಹಿಂದಿನ ನಾಲ್ಕೂ ಜನ ಮಧ್ಯದ ಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಗೋಲಿನವರೆಗೆ ನಲವತ್ತು ಮೀಟರ್‌ಗೂ ಜಾಸ್ತಿ ಜಾಗ ಖಾಲಿ. ಅಲ್ಲಿರುವುದು ಗೋಲ್‌ಕೀಪರ್ ಒಬ್ಬರೇ. ಇದಕ್ಕೇ ಹೈ ಲೈನ್ ಅನ್ನುವುದು.

ಮೊದಲ ಸಲ ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಎಂಬಾಪೆಯಂಥ ವೇಗದ ಓಟಗಾರನಿಗೆ ಅಷ್ಟು ಜಾಗ ಬಿಡುವುದೇ?

ಲಾಭ ಎರಡಿದೆ. ಒಂದು, ಎದುರಾಳಿಯ ಆಟಕ್ಕೆ ಜಾಗವೇ ಸಿಗುವುದಿಲ್ಲ. ಬಾರ್ಸಿಲೋನಾದ ಮುಂದಿನವರು ಮತ್ತು ಹಿಂದಿನವರ ನಡುವಿನ ಅಂತರ ಕಿರಿದಾಗಿ, ಇಪ್ಪತ್ತು ಜನ ಅರ್ಧ ಮೈದಾನದಲ್ಲಿ ಒತ್ತೊತ್ತಾಗಿ ಆಡಬೇಕಾಗುತ್ತದೆ. ಹಾಗೆ ಒತ್ತಾದ ಜಾಗದಲ್ಲಿ ಚಿಕ್ಕ ಚಿಕ್ಕ ಪಾಸ್ ಆಡುವುದು ಈ ಹುಡುಗರಿಗೆ ಬಾಲ್ಯದಿಂದ ಬಂದ ಅಭ್ಯಾಸ. ಎರಡನೆಯದು ಆಫ್‌ಸೈಡ್ ಬಲೆ. ಎದುರಾಳಿ ಚೆಂಡನ್ನು ಒದೆಯುವ ಕ್ಷಣಕ್ಕೆ ಸರಿಯಾಗಿ ನಾಲ್ವರೂ ಒಟ್ಟಿಗೆ ಮುಂದೆ ಹೆಜ್ಜೆ ಇಡುತ್ತಾರೆ. ಒಂದು ಗಳಿಗೆಯ ಹಿಂದೆ ಸರಿಯಾದ ಜಾಗದಲ್ಲಿದ್ದ ಓಟಗಾರ ಈಗ ಗೆರೆಯ ಆಚೆ.

ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಡಿಯುವವರು ಕೈ ಕೈ ಹಿಡಿದು ಕೊಂಡಿಯಂತೆ ನಿಂತಿರುತ್ತಾರೆ. ದಾಳಿಗೆ ಬಂದವನು ಒಳಗೆ ಬಂದಷ್ಟೂ ಕೊಂಡಿ ಅವನನ್ನು ಸುತ್ತುವರಿಯುತ್ತದೆ. ಆದರೆ ಒಬ್ಬ ಆತುರಪಟ್ಟು ಮುಂದೆ ನುಗ್ಗಿ ಇನ್ನೊಬ್ಬ ಹಿಂದೆಯೇ ಉಳಿದರೆ ಕೊಂಡಿ ಕಳಚಿತು. ದಾಳಿಗಾರ ಗೆರೆ ಮುಟ್ಟಿ ಅಂಕ ತಗೊಂಡು ಹೋಗುತ್ತಾನೆ. ಹೈ ಲೈನ್‌ನಲ್ಲೂ ಅಷ್ಟೇ. ಮೂವರು ಮುಂದೆ ಬಂದು ಒಬ್ಬ ಅರ್ಧ ಮೀಟರ್ ಹಿಂದೆ ಉಳಿದರೂ ಸಾಕು, ಕೊನೆಯ ಗೆರೆ ಅವನದೇ. ಎದುರಾಳಿ ಆಫ್‌ಸೈಡ್ ಅಲ್ಲ, ಅವನ ಮುಂದೆ ಖಾಲಿ ಮೈದಾನ. ವ್ಯತ್ಯಾಸ ಇಷ್ಟೇ: ಕಬಡ್ಡಿಯಲ್ಲಿ ಕೈ ಹಿಡಿದಿರುತ್ತಾರೆ. ಇಲ್ಲಿ ಒಬ್ಬರಿಗೊಬ್ಬರು ಹತ್ತು ಹದಿನೈದು ಮೀಟರ್ ದೂರದಲ್ಲಿದ್ದುಕೊಂಡೇ ಕೈ ಹಿಡಿದವರ ಹಾಗೆ ನಡೆಯಬೇಕು.

ಇದು ಫ್ಲಿಕ್ ಕಂಡುಹಿಡಿದ ಉಪಾಯವೇನಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಅರಿಗೊ ಸಾಕ್ಕಿ ತಮ್ಮ ಎಸಿ ಮಿಲಾನ್ ತಂಡವನ್ನು ಹೀಗೇ ಒತ್ತಾಗಿ ನಿಲ್ಲಿಸಿ, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿದ್ದರು. ಈಗ ಫ್ಲಿಕ್‌ಗೆ ಒದಗಿದ ಅನುಕೂಲ ಅಂದರೆ ತಂತ್ರಜ್ಞಾನ. ಸ್ಪೇನ್‌ನ ಮುಖ್ಯ ಲೀಗ್ ಲಾ ಲಿಗಾದಲ್ಲಿ 2024-25ರಿಂದ ಕ್ಯಾಮೆರಾಗಳೇ ಆಟಗಾರರ ಮೈಯನ್ನು ಅಳೆದು ಆಫ್‌ಸೈಡ್ ಗುರುತಿಸುವ ವ್ಯವಸ್ಥೆ ಬಂತು. ಮೊದಲು ಲೈನ್ಸ್‌ಮನ್ ಕಣ್ಣಿಗೆ ತಪ್ಪಿಹೋಗುತ್ತಿದ್ದ ಹೆಬ್ಬೆರಳಷ್ಟು ಅಂತರವೂ ಈಗ ಸಿಕ್ಕಿಬೀಳುತ್ತದೆ. ಧೈರ್ಯವಾಗಿ ಮುಂದೆ ನಿಲ್ಲುವವರಿಗೆ ಇದರಿಂದ ಬಲ ಬಂದಿದೆ.

ಹಿಂದಿನವರನ್ನು ಕಾಯುವುದು ಮುಂದಿನವರು

ಹೈ ಲೈನ್ ಬಗ್ಗೆ ಮಾತಾಡುವವರು ಡಿಫೆಂಡರ್‌ಗಳನ್ನು ಮಾತ್ರ ನೋಡುತ್ತಾರೆ. ಅದರ ಬೇರು ಮುಂದಿನವರ ಕಾಲಲ್ಲಿದೆ.

ಎದುರಾಳಿಯೊಬ್ಬ ಆರಾಮಾಗಿ ನಿಂತು, ತಲೆ ಎತ್ತಿ ನೋಡಿ, ಗೆಳೆಯ ಓಡುವ ಹೊತ್ತಿಗೆ ಸರಿಯಾಗಿ ಚೆಂಡು ಕಳಿಸಿದರೆ ಯಾವ ಬಲೆಯೂ ನಡೆಯುವುದಿಲ್ಲ. ಹಾಗಾಗಿ ಅವನಿಗೆ ತಲೆ ಎತ್ತಲು ಬಿಡಬಾರದು. ಚೆಂಡು ಕಳೆದುಕೊಂಡ ಕೂಡಲೇ ಹತ್ತಿರವಿದ್ದ ಇಬ್ಬರು ಮೂವರು ಅವನ ಮೇಲೆ ಮುಗಿಬೀಳಬೇಕು. ಇದಕ್ಕೆ ಪ್ರೆಸಿಂಗ್ ಅನ್ನುತ್ತಾರೆ. ಮುಗಿಬಿದ್ದಾಗ ಅವನು ಗಡಿಬಿಡಿಯಲ್ಲಿ ಒದೆಯುತ್ತಾನೆ. ಒಂದೋ ಚೆಂಡು ದಿಕ್ಕು ತಪ್ಪುತ್ತದೆ, ಇಲ್ಲ ಅರ್ಧ ಸೆಕೆಂಡ್ ತಡವಾಗುತ್ತದೆ. ಆ ಅರ್ಧ ಸೆಕೆಂಡಲ್ಲಿ ಓಟಗಾರ ಗೆರೆ ದಾಟಿರುತ್ತಾನೆ.

ಹಾಗಾಗಿ ಬ್ರೆಜಿಲ್‌ನ ರಾಫಿನ್ಯ ಎಡಗಡೆಯಿಂದ ಪಟ್ಟುಬಿಡದೆ ಓಡುವುದು ಬರೀ ಗೋಲಿಗಾಗಿ ಅಲ್ಲ. ಅವರು ಎದುರಾಳಿಯ ಮೇಲೆ ಬೀಳುವುದು ಒಂದು ಸೆಕೆಂಡ್ ತಡವಾದರೆ ಹಿಂದೆ ಮಧ್ಯದ ಗೆರೆಯ ಹತ್ತಿರ ನಿಂತ ಡಿಫೆಂಡರ್‌ಗೆ ಕಷ್ಟ. ಮುಂದೆ ಒತ್ತಡ ಇದ್ದರೆ ಗೆರೆ ಮುಂದೆ ಬರಬೇಕು. ಒತ್ತಡ ಇಲ್ಲದಿದ್ದರೆ ಹಿಂದೆ ಸರಿಯಬೇಕು. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟರೆ, ಅಥವಾ ನಮ್ಮ ಗೋಲಿಗೆ ಬೆನ್ನು ಹಾಕಿ ನಿಂತರೆ, ಆಗ ಹೆಜ್ಜೆ ಮುಂದೆ. ಇದನ್ನೆಲ್ಲ ನಿಂತು ಯೋಚಿಸಲು ಸಮಯ ಎಲ್ಲಿದೆ? ಹೆಜ್ಜೆ ತಾನಾಗೇ ಏಳಬೇಕು.

ಫ್ಲಿಕ್ ಬಂದ ದಾರಿ

ಫ್ಲಿಕ್ ಹುಟ್ಟಿದ್ದು 1965ರಲ್ಲಿ, ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ. 2019ರ ನವೆಂಬರ್‌ನಲ್ಲಿ ಬಯರ್ನ್ ಮ್ಯೂನಿಕ್ ತಂಡದ ಹೊಣೆ ವಹಿಸಿಕೊಂಡರು. ಮುಂದಿನ ಆಗಸ್ಟ್‌ನಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. ಆ ದಾರಿಯಲ್ಲೇ, 2020ರ ಆಗಸ್ಟ್ 14ರಂದು ಲಿಸ್ಬನ್‌ನಲ್ಲಿ, ಮೆಸ್ಸಿ ಇದ್ದ ಬಾರ್ಸಿಲೋನಾವನ್ನು 8-2ರಿಂದ ಸೋಲಿಸಿದ್ದು. ಆ ಕ್ಲಬ್‌ನ ಅಭಿಮಾನಿಗಳು ಇವತ್ತಿಗೂ ಆ ಸಂಖ್ಯೆ ಕೇಳಿದರೆ ಮುಖ ತಿರುಗಿಸುತ್ತಾರೆ.

ಆಮೇಲೆ ಜರ್ಮನಿ ದೇಶದ ತಂಡ. ಅಲ್ಲಿ ಕೈ ಸುಟ್ಟಿತು. 2022ರ ವಿಶ್ವಕಪ್‌ನಲ್ಲಿ ಗುಂಪು ಹಂತದಲ್ಲೇ ಹೊರಬಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಜಪಾನ್ ಎದುರು 1-4ರ ಸೋಲಿನ ಬೆನ್ನಲ್ಲೇ ಕೆಲಸ ಹೋಯಿತು. 2024ರ ಮೇ ಕೊನೆಯಲ್ಲಿ ಬಾರ್ಸಿಲೋನಾ ಅವರನ್ನು ಕರೆಯಿತು. ಎಂಟು ಗೋಲ್ ಹೊಡೆಸಿದವರನ್ನೇ!

ತೋಟದ ಮನೆಯ ಸಸಿಮಡಿ

ಫ್ಲಿಕ್ ಬಂದಾಗ ಕ್ಲಬ್ ಕೈಯಲ್ಲಿ ಹಣ ಇರಲಿಲ್ಲ. 2021ರಲ್ಲೇ ಸಾಲ 135 ಕೋಟಿ ಯೂರೊ ಎಂದು ಕ್ಲಬ್ ಅಧ್ಯಕ್ಷರೇ ಹೇಳಿದ್ದರು. ಲೀಗ್ ಹಾಕಿದ್ದ ಸಂಬಳದ ಮಿತಿಯೊಳಗೆ ಹೊಂದಿಸಲಾಗದೆ ಆ ವರ್ಷ ಮೆಸ್ಸಿಯನ್ನೇ ಬಿಟ್ಟುಕೊಡಬೇಕಾಯಿತು. ದುಡ್ಡು ಸುರಿದು ಸ್ಟಾರ್‌ಗಳನ್ನು ತರುವ ದಾರಿ ಮುಚ್ಚಿತ್ತು. ಉಳಿದದ್ದು ಮನೆಯಲ್ಲೇ ಬೆಳೆದ ಹುಡುಗರು.

ಆ ಮನೆಯ ಹೆಸರು ಲಾ ಮಾಸಿಯಾ. ಕ್ಯಾಟಲಾನ್ ಭಾಷೆಯಲ್ಲಿ ಮಾಸಿಯಾ ಅಂದರೆ ತೋಟದ ಮನೆ. 1702ರಲ್ಲಿ ಕಟ್ಟಿದ ಕಲ್ಲಿನ ಮನೆ ಅದು, ಬಾರ್ಸಿಲೋನಾದ ತವರು ಮೈದಾನ ಕ್ಯಾಂಪ್ ನೌ ಪಕ್ಕದಲ್ಲೇ ಇದೆ. 1979ರಿಂದ ದೂರದ ಊರಿನ ಹುಡುಗರು ಅಲ್ಲಿ ಉಳಿದು, ಓದಿ, ಆಡಿ ಬೆಳೆದರು. 2011ರಲ್ಲಿ ವಾಸ ಹೊಸ ಕಟ್ಟಡಕ್ಕೆ ಹೋಯಿತು, ಹೆಸರು ಹಾಗೇ ಉಳಿಯಿತು. 2010ರಲ್ಲಿ ವಿಶ್ವದ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಮೊದಲ ಮೂರು ಸ್ಥಾನ ಪಡೆದ ಮೆಸ್ಸಿ, ಇನಿಯೆಸ್ಟಾ, ಶಾವಿ ಮೂವರೂ ಇಲ್ಲಿಯವರು.

ಭತ್ತ ಬೆಳೆಯುವವರಿಗೆ ಸಸಿಮಡಿ ಗೊತ್ತು. ಗದ್ದೆಯ ಒಂದು ಮೂಲೆಯಲ್ಲಿ ಸಸಿ ಎಬ್ಬಿಸಿ, ಆಮೇಲೆ ಕಿತ್ತು ನಾಟಿ ಮಾಡುತ್ತೇವೆ. ಒಂದೇ ನೀರು, ಒಂದೇ ಮಣ್ಣು ಕಂಡ ಸಸಿ ಗದ್ದೆಗೆ ಬೇಗ ಹೊಂದಿಕೊಳ್ಳುತ್ತದೆ. ಲಾ ಮಾಸಿಯಾ ಅಂಥದ್ದೇ ಮಡಿ. ಅಲ್ಲಿ ಚಿಕ್ಕ ಮಕ್ಕಳಿಂದ ದೊಡ್ಡವರವರೆಗೂ ಆಡುವ ರೀತಿ ಒಂದೇ. ರೊಂಡೊ ಎಂಬ ಅಭ್ಯಾಸ ಒಂದಿದೆ. ಕೆಲವರು ಸುತ್ತ ನಿಂತು ಚೆಂಡು ಪಾಸ್ ಮಾಡುತ್ತಾರೆ, ನಡುವೆ ಇರುವ ಒಬ್ಬಿಬ್ಬರು ಅದನ್ನು ಕಸಿಯಬೇಕು. ನೋಡಿದರೆ ಬೀದಿ ಮಕ್ಕಳ ಆಟದ ಹಾಗಿದೆ. ಆದರೆ ಚೆಂಡು ಬರುವ ಮೊದಲೇ ಸುತ್ತ ನೋಡುವುದು, ಒಂದೇ ಮುಟ್ಟಿಗೆ ಕಳಿಸುವುದು, ಕಳೆದುಕೊಂಡ ಕೂಡಲೇ ಬೆನ್ನು ಹತ್ತುವುದು ಎಲ್ಲವೂ ಅದರಲ್ಲೇ ಬರುತ್ತದೆ. ಅದನ್ನು ಮಾಡಿ ಮಾಡಿ ಬೆಳೆದವನಿಗೆ ಫ್ಲಿಕ್ ಅವರ ಪ್ರೆಸಿಂಗ್ ಹೊಸ ಪಾಠವಾಗಿ ಕಾಣುವುದಿಲ್ಲ.

ಬರ್ನಾಬ್ಯೂದ ಆ ರಾತ್ರಿ ಆರಂಭದ ಹನ್ನೊಂದರಲ್ಲಿ ಆರು ಜನ ಈ ಮಡಿಯವರು: ಗೋಲ್‌ಕೀಪರ್ ಇನ್ಯಾಕಿ ಪೆನ್ಯಾ, ಪಾವ್ ಕುಬಾರ್ಸಿ, ಅಲೆಹಾಂಡ್ರೊ ಬಾಲ್ಡೆ, ಮಾರ್ಕ್ ಕಸಾಡೊ, ಫೆರ್ಮಿನ್ ಲೋಪೆಸ್, ಲಮೀನ್ ಯಮಾಲ್. ಮೊದಲ ಗೋಲಿಗೆ ಮ್ಯಾಡ್ರಿಡ್ ಡಿಫೆನ್ಸ್ ಸೀಳಿ ಲೆವಾಂಡೊವ್‌ಸ್ಕಿಗೆ ಚೆಂಡು ಕೊಟ್ಟವರು 21ರ ಕಸಾಡೊ. ಮೂರನೆಯ ಗೋಲ್ 17ರ ಯಮಾಲ್ ಅವರದು.

ಹುಡುಗರನ್ನು ಆಡಿಸುವುದು ಹೇಗೆ

ಪ್ರತಿಭೆ ಇದ್ದರೆ ಸಾಕು, ಮೈದಾನಕ್ಕೆ ಇಳಿಸಿ ಬಿಡಬಹುದು ಅನ್ನುವಷ್ಟು ಸುಲಭ ಇಲ್ಲ ಇದು. ನಾಟಿಯ ಹೋಲಿಕೆಯನ್ನೇ ಮುಂದುವರಿಸಿದರೆ, ಸಸಿ ತೀರ ಎಳೆಯದಾದರೆ ನೀರು ನಿಂತ ಗದ್ದೆಯಲ್ಲಿ ಕೊಳೆಯುತ್ತದೆ. ಮಡಿಯಲ್ಲೇ ಜಾಸ್ತಿ ದಿನ ಬಿಟ್ಟರೆ ಆಮೇಲೆ ತೆಂಡೆ ಒಡೆಯುವುದಿಲ್ಲ. ಹದ ನೋಡುವುದೇ ಕೆಲಸ.

ಫ್ಲಿಕ್‌ಗೆ ಹದ ನೋಡಲು ಅವಕಾಶ ಸಿಕ್ಕಿದ್ದು 2024ರ ಬೇಸಿಗೆಯ ಅಮೆರಿಕ ಪ್ರವಾಸದಲ್ಲಿ. ಯುರೋ ಕಪ್ ಮತ್ತು ಒಲಿಂಪಿಕ್ಸ್‌ನಿಂದಾಗಿ ಹಲವು ಹಿರಿಯರು ತಂಡದ ಜೊತೆ ಇರಲಿಲ್ಲ. ಆ ಜಾಗದಲ್ಲಿ ಕಸಾಡೊ, ಮಾರ್ಕ್ ಬರ್ನಾಲ್, ಜೆರಾರ್ಡ್ ಮಾರ್ಟಿನ್ ಆಡಿದರು. ಲೀಗ್ ಶುರುವಾದಾಗ 17 ವರ್ಷದ ಬರ್ನಾಲ್ ನಡುಮೈದಾನದಲ್ಲಿ ಮೊದಲ ಪಂದ್ಯದಿಂದಲೇ ಆಡಿದರು.

ಹುಡುಗನಿಗೆ ಹೇಳುವ ಮಾತು ಕಡಿಮೆ ಇರಬೇಕು, ಸ್ಪಷ್ಟವಾಗಿರಬೇಕು. ಫ್ಲಿಕ್ ಆಟದ ಚೌಕಟ್ಟು 4-2-3-1. ಹಿಂದೆ ನಾಲ್ವರು, ಅವರ ಮುಂದೆ ಇಬ್ಬರು, ಆಮೇಲೆ ಮೂವರು, ತುದಿಯಲ್ಲಿ ಒಬ್ಬರು. ಯಾರು ಬಂದರೂ ಹೋದರೂ ಚೌಕಟ್ಟು ಹೆಚ್ಚು ಬದಲಾಗುವುದಿಲ್ಲ. ಶಿಸ್ತಿನಲ್ಲೂ ಹಾಗೇ. ಮೀಟಿಂಗ್‌ಗೆ ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಆರಂಭದ ಹನ್ನೊಂದರಲ್ಲಿ ಜಾಗ ಕಳೆದುಕೊಂಡಿದ್ದಾರೆ. ಹೊಸಬನಿಗೆ ಇದರಿಂದ ಒಂದು ವಿಷಯ ಗೊತ್ತಾಗುತ್ತದೆ: ಇಲ್ಲಿ ಎಲ್ಲರಿಗೂ ಒಂದೇ ನಿಯಮ.

ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಹಿರಿಯರನ್ನು ಎಲ್ಲಿ ಇಟ್ಟರು ಅನ್ನುವುದು. ಮುಂದೆ 36ರ ಲೆವಾಂಡೊವ್‌ಸ್ಕಿ. ಹಿಂದೆ 33ರ ಇನ್ಯಿಗೊ ಮಾರ್ಟಿನೆಜ್. ಗೋಲ್‌ನಲ್ಲಿ, ಮುಖ್ಯ ಗೋಲ್‌ಕೀಪರ್ ಗಾಯಗೊಂಡ ಮೇಲೆ, ನಿವೃತ್ತಿಯಿಂದ ವಾಪಸ್ ಬಂದ 34ರ ಶ್ಚೆಸ್ನಿ. ಮನೆಯ ಕಂಬಗಳ ಹಾಗೆ, ಭಾರ ಬೀಳುವ ಜಾಗದಲ್ಲೇ ನಿಲ್ಲಿಸಿದ್ದರು.

ಕುಬಾರ್ಸಿ ಮತ್ತು ಇನ್ಯಿಗೊ ಜೋಡಿಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಕುಬಾರ್ಸಿ ಜಿರೋನಾ ಕಡೆಯ ಎಸ್ತಾನ್ಯೋಲ್ ಎಂಬ ಪುಟ್ಟ ಹಳ್ಳಿಯ ಹುಡುಗ, ಲಾ ಮಾಸಿಯಾಕ್ಕೆ ಬಂದಿದ್ದು 2018ರಲ್ಲಿ. ಚೆಂಡು ಕಾಲಲ್ಲಿದ್ದಾಗ ವಯಸ್ಸಿಗೆ ಮೀರಿದ ಸಮಾಧಾನ. ಪಕ್ಕದಲ್ಲಿ ಇನ್ಯಿಗೊ. ಅವರು ಚೆಂಡಿಗಿಂತ ಹೆಚ್ಚಾಗಿ ಗೆರೆಯನ್ನೇ ನೋಡುತ್ತಿದ್ದರು. ತೋಳು ಬೀಸಿ, ಕೂಗಿ, ಮೂವರನ್ನೂ ಜೊತೆಗೆ ಎಳೆದು ತರುತ್ತಿದ್ದರು. ಎಳೆಯ ಎತ್ತನ್ನು ನೊಗಕ್ಕೆ ಪಳಗಿಸುವಾಗ ಪಕ್ಕದಲ್ಲಿ ಹಳೆಯ ಎತ್ತು ಕಟ್ಟುವುದಿಲ್ಲವೇ, ಹಾಗೆ. ಯಾವಾಗ ಹೆಜ್ಜೆ ಇಡಬೇಕು ಅನ್ನುವುದನ್ನು ಕುಬಾರ್ಸಿ ಕಲಿತದ್ದು ಆ ಜೊತೆಯಲ್ಲಿ.

ಫಲ ಕಣ್ಣಮುಂದಿದೆ. 2024-25ರಲ್ಲಿ ಬಾರ್ಸಿಲೋನಾ ಲಾ ಲಿಗಾ, ಸ್ಪೇನ್‌ನ ಕಪ್ ಟೂರ್ನಿ ಕೋಪಾ ಡೆಲ್ ರೇ, ಸ್ಪ್ಯಾನಿಷ್ ಸೂಪರ್ ಕಪ್ ಮೂರನ್ನೂ ಗೆದ್ದಿತು. ಲೀಗ್‌ನ 38 ಪಂದ್ಯಗಳಲ್ಲಿ 102 ಗೋಲ್. ರಿಯಲ್ ಮ್ಯಾಡ್ರಿಡ್ ವಿರುದ್ಧ ಆ ವರ್ಷ ಆಡಿದ ನಾಲ್ಕೂ ಪಂದ್ಯದಲ್ಲಿ ಗೆಲುವು.

ಕೊಡಬೇಕಾದ ಬೆಲೆ

ಇಷ್ಟು ಮುಂದೆ ನಿಂತರೆ ಕೆಲವು ಸಲ ಏಟು ಬೀಳುತ್ತದೆ. ಜನವರಿ 2025ರಲ್ಲಿ ಬೆನ್ಫಿಕಾ ವಿರುದ್ಧ ಗೆದ್ದರೂ 5-4. ಮುಂದಿನ ತಿಂಗಳು ಅಟ್ಲೆಟಿಕೊ ಮ್ಯಾಡ್ರಿಡ್ ಜೊತೆ 4-4. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಟರ್ ಮಿಲಾನ್ ಎದುರು ಮೊದಲ ಪಂದ್ಯ 3-3. ಮೇ 6ರಂದು ಮಿಲಾನ್‌ನಲ್ಲಿ ಎರಡನೆಯದು. 0-2ರ ಹಿನ್ನಡೆಯಿಂದ ಎದ್ದು 87ನೇ ನಿಮಿಷಕ್ಕೆ 3-2 ಮುನ್ನಡೆ. ತೊಂಬತ್ತು ನಿಮಿಷ ಮುಗಿದು ರೆಫರಿ ಸೇರಿಸಿದ ಸಮಯದಲ್ಲಿ, 93ನೇ ನಿಮಿಷಕ್ಕೆ, ಇಂಟರ್‌ನ 37ರ ಡಿಫೆಂಡರ್ ಅಚೆರ್ಬಿ ಸಮ ಮಾಡಿದರು. ಆಮೇಲಿನ ಅರ್ಧ ಗಂಟೆಯ ಹೆಚ್ಚುವರಿ ಆಟದ ಕೊನೆಗೆ 3-4. ಆ ರಾತ್ರಿ ಅಕ್ಕನ ಮಗ ಬೆಳಗಿನವರೆಗೂ ಮಲಗಲಿಲ್ಲ.

ಗೆಲ್ಲುತ್ತಿರುವಾಗ ಕೊನೆಯ ನಿಮಿಷಗಳಲ್ಲಿ ಹಿಂದೆ ಸರಿದು ಕೂರಬಾರದಿತ್ತೇ? ಹಲವರು ಇದನ್ನೇ ಕೇಳಿದರು. ಆದರೆ ಮುಂದೆ ಒತ್ತಿ ಆಡಲು ಕಲಿತ ತಂಡಕ್ಕೆ ಗೋಲಿನ ಮುಂದೆ ಗುಂಪಾಗಿ ನಿಂತು ಕಾಯುವುದು ಬೇರೆಯದೇ ಕಸುಬು. ವರ್ಷವಿಡೀ ಅಭ್ಯಾಸ ಮಾಡದ್ದನ್ನು ಹತ್ತು ನಿಮಿಷಕ್ಕೆ ಮಾಡಲು ಆಗುವುದಿಲ್ಲ.

ಇದಕ್ಕಿಂತ ನೋವಿನ ಬೆಲೆ ಇನ್ನೊಂದಿದೆ. ಅದು ಹುಡುಗರ ಮೈ. ಬರ್ನಾಲ್ ಲೀಗ್‌ನ ಮೂರನೇ ಪಂದ್ಯದಲ್ಲೇ ಮೊಣಕಾಲಿನ ಗಾಯವಾಗಿ ವರ್ಷದ ಮಟ್ಟಿಗೆ ಹೊರಗುಳಿದರು. 2019ರಲ್ಲಿ 16ನೇ ವಯಸ್ಸಿಗೇ ಮಿಂಚಿದ ಆನ್ಸು ಫಾತಿ 2020ರ ನವೆಂಬರ್‌ನಲ್ಲಿ ಮೊಣಕಾಲು ಪೆಟ್ಟು ಮಾಡಿಕೊಂಡು, ಶಸ್ತ್ರಚಿಕಿತ್ಸೆ ಮೇಲೆ ಶಸ್ತ್ರಚಿಕಿತ್ಸೆ ಕಂಡರು. ಹಳೆಯ ವೇಗ ಮರಳಲಿಲ್ಲ. ನಡುಮೈದಾನದ ಪೆಡ್ರಿ 2020-21ರಲ್ಲಿ ಕ್ಲಬ್, ಯುರೋ ಕಪ್, ಒಲಿಂಪಿಕ್ಸ್ ಎಲ್ಲ ಸೇರಿ 70ಕ್ಕೂ ಹೆಚ್ಚು ಪಂದ್ಯ ಆಡಿದರು. ಆಗ ಅವರಿಗೆ 18. ಮುಂದಿನ ವರ್ಷಗಳಲ್ಲಿ ತೊಡೆಯ ಸ್ನಾಯು ಮತ್ತೆ ಮತ್ತೆ ಕೈಕೊಟ್ಟಿತು. ಹದಿನೇಳರ ಮೂಳೆ, ಸ್ನಾಯು ಇನ್ನೂ ಗಟ್ಟಿಯಾಗುತ್ತಿರುತ್ತವೆ. ಹುಡುಗ ಆಡುತ್ತೇನೆ ಅಂತಲೇ ಹೇಳುತ್ತಾನೆ. ಬೇಡ ಅನ್ನಬೇಕಾದವರು ದೊಡ್ಡವರು.

ಬೆಂಗಳೂರಿಗೂ ಒಂದು ಎಳೆ

ಈ ಆಟದ ಮಡಿ ನಮಗೆ ತೀರ ದೂರದ್ದೇನಲ್ಲ. ಬೆಂಗಳೂರು ಎಫ್‌ಸಿ ತಂಡ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದಾಗ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಮೊದಲು ಬಾರ್ಸಿಲೋನಾದ ತರಬೇತಿ ಬಳಗದಲ್ಲಿದ್ದವರು. ಅವರ ಸಹಾಯಕರಾಗಿ ಬಂದು, ಆಮೇಲೆ ಮುಖ್ಯ ಕೋಚ್ ಆಗಿ 2018-19ರ ಐಎಸ್‌ಎಲ್ ಗೆಲ್ಲಿಸಿಕೊಟ್ಟ ಕಾರ್ಲೆಸ್ ಕ್ವಾಡ್ರಾಟ್ ಲಾ ಮಾಸಿಯಾದಲ್ಲೇ ಬೆಳೆದವರು. ಕಂಠೀರವ ಕ್ರೀಡಾಂಗಣದಲ್ಲಿ ಕೂತು ಆ ತಂಡಕ್ಕೆ ಕೂಗಿದವರು ಗೊತ್ತಿಲ್ಲದೇ ಈ ಶಾಲೆಯ ಒಂದೆರಡು ಪಾಠ ನೋಡಿದ್ದಾರೆ.

ಮುಂದಿನ ಸಲ ನೋಡುವಾಗ

ಭಾವನಿಗೆ ನಾನು ಹೇಳಿದ್ದು ಇಷ್ಟು. ಐದು ನಿಮಿಷ ಚೆಂಡು ನೋಡಬೇಡಿ. ಬಾರ್ಸಿಲೋನಾದ ಹಿಂದಿನ ನಾಲ್ವರನ್ನು ನೋಡಿ. ಎದುರಾಳಿ ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರುತ್ತಾರಾ? ಅಥವಾ ಒಬ್ಬ ಹಿಂದೆ ಉಳಿಯುತ್ತಾನಾ? ಆಮೇಲೆ ಕಣ್ಣು ಮುಂದಕ್ಕೆ ಹಾಯಿಸಿ, ಚೆಂಡು ಇರುವವನ ಮೇಲೆ ಯಾರಾದರೂ ಬೀಳುತ್ತಿದ್ದಾರಾ ನೋಡಿ. ಎರಡರಲ್ಲಿ ಒಂದು ತಪ್ಪಿದರೂ ಗೋಲ್ ಆಗುವ ಮೊದಲೇ ನಿಮಗೆ ಗೊತ್ತಾಗುತ್ತದೆ.

2025ರ ಆಗಸ್ಟ್‌ನಲ್ಲಿ ಇನ್ಯಿಗೊ ಮಾರ್ಟಿನೆಜ್ ಕ್ಲಬ್ ಬಿಟ್ಟು ಸೌದಿಯ ಅಲ್ ನಸ್ರ್ ಸೇರಿದರು. ಅಕ್ಟೋಬರ್‌ನಲ್ಲಿ ಸೆವಿಯಾ ಎದುರು 1-4ರ ಸೋಲು. ನವೆಂಬರ್‌ನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್ ಜೊತೆ 3-3. ಆ ಪಂದ್ಯಗಳಲ್ಲಿ ಗೆರೆ ಹಲವು ಸಲ ಮುರಿಯಿತು. ತೋಳು ಬೀಸಿ ಕರೆಯುತ್ತಿದ್ದ ಹಿರಿಯ ಪಕ್ಕದಲ್ಲಿ ಇರಲಿಲ್ಲ. ಈಗ ಕರೆಯಬೇಕಾದ ಸರದಿ ಹುಡುಗ ಕುಬಾರ್ಸಿಯದು.